ಕಂಬಕ್ಕೆ ತಾಗಿದ ಹಿಮ್ಮಡಿ

ಈ ಸಲ ಮಳೆ ಶುರುವಾದ ವಾರದಲ್ಲಿ ಪುಣೆಯ ಬಿಬವೇವಾಡಿಯ ಹಳೆಯ ಮೈದಾನದ ಮುಂದೆ ಸ್ಕೂಟರ್ ನಿಲ್ಲಿಸಿದೆ. ನಿಲ್ಲಿಸಬೇಕೆಂದು ಹೊರಟವನಲ್ಲ. ನಮ್ಮ ಅಂಗಡಿಯ ಖಾರದ ಪುಡಿ ಬೀಸಿ ಮುಗಿಯಿತೇ ಎಂದು ನೋಡಲು ಗಿರಣಿಗೆ ಹೋಗುತ್ತಿದ್ದೆ. ಮೂಗಿಗೆ ಹಸಿ ಸುಣ್ಣದ ವಾಸನೆ ಬಂತು, ಕೈ ತಾನಾಗಿ ಬ್ರೇಕ್ ಹಿಡಿಯಿತು. ಮೈದಾನ ಅನ್ನುವುದು ಬಾಯಿಯ ಹಳೆಯ ರೂಢಿ ಅಷ್ಟೆ. ಅಲ್ಲಿ ಈಗ ಮದುವೆಗಳ ಮಂಗಲ ಕಾರ್ಯಾಲಯವಿದೆ, ಅದರ ಮುಂದೆ ಕಾರು ನಿಲ್ಲಿಸುವ ಜಾಗವಿದೆ. ಇಬ್ಬರು ಕೆಲಸಗಾರರು ಕಾರುಗಳಿಗೆ ಗೆರೆ ಗುರುತು ಮಾಡುತ್ತಿದ್ದರು. ಒಬ್ಬ ಆ ತುದಿಯಲ್ಲಿ ದಾರ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ, ಇನ್ನೊಬ್ಬ ತೂತು ಹೊಡೆದ ಡಬ್ಬಿಯಿಂದ ಸುಣ್ಣ ಉದುರಿಸುತ್ತ ಬರುತ್ತಿದ್ದ. ದಾರ ತುಸು ಸಡಿಲಾಗಿದ್ದೇ ತಡ, "ಅರೇ, ದೋರಿ ನೀಟ ತಾಣ ನಾ!" ಎಂದು ಸುಣ್ಣದವನು ರೇಗಿದ, ದಾರ ಸರಿಯಾಗಿ ಎಳಿ ಎಂದು. ಕಾರು ನಿಲ್ಲಿಸುವ ಗೆರೆ ಕೂಡ ಸೊಟ್ಟಗಾಗಬಾರದು ಎಂಬ ಕಾಳಜಿ. ನಾನು ತುಂತುರಿನಲ್ಲೇ ನಿಂತು ನೋಡಿದೆ. ಇಪ್ಪತ್ತು ವರ್ಷದ ಹಿಂದೆ ಇದೇ ಜಾಗದಲ್ಲಿ ನಾನು ದಾರವಿಲ್ಲದೆ ಒಂದು ಗೆರೆ ಹಾಕಿದ್ದೆ.

ಪುಣೆಯಲ್ಲಿ ಫುಟ್‌ಬಾಲ್ ಅಂದರೆ ಜನ ಕ್ಯಾಂಪು, ಖಡಕಿ ಅನ್ನುತ್ತಾರೆ. ನಮ್ಮ ಕನ್ನಡದವರಿಗೂ ಆ ಹುಚ್ಚು ಇತ್ತು ಎಂದರೆ ಈಗಿನವರು ನಗುತ್ತಾರೆ. ಅಜ್ಜಂದಿರ ಕಾಲದಲ್ಲಿ ಬೆಳಗಾವಿ ಕಡೆಯಿಂದ ಬಂದ ಬೆಲ್ಲ, ಮೆಣಸಿನಕಾಯಿ ವ್ಯಾಪಾರಿಗಳೂ ಧಾರವಾಡದ ಕಡೆಯಿಂದ ಬಂದ ಆಫೀಸಿನ ಕಾರಕೂನರೂ ಸೇರಿ ಒಂದೇ ಕ್ಲಬ್ ಕಟ್ಟಿದ್ದರಂತೆ. ಅದು ಒಡೆದದ್ದು ಭಾನುವಾರದ ದೆಸೆಯಿಂದ. ಕಾರಕೂನರಿಗೆ ಭಾನುವಾರ ರಜೆ, ವ್ಯಾಪಾರಿಗಳಿಗೆ ಅದೇ ದಿನ ಗಿರಾಕಿ. ಆಟ ಯಾವ ದಿನ ಎಂಬ ಜಗಳ ವರ್ಷಗಟ್ಟಲೆ ನಡೆದು, ಕೊನೆಗೆ ಚೆಂಡು ಒಬ್ಬರ ಮನೆಯಲ್ಲಿ ಬಲೆ ಇನ್ನೊಬ್ಬರ ಮನೆಯಲ್ಲಿ ಉಳಿದು, ಒಂದು ಕ್ಲಬ್ ಎರಡಾಯಿತು. ವ್ಯಾಪಾರಿಗಳದ್ದು ಮೈಲಾರ ಸ್ಪೋರ್ಟ್ಸ್, ಕಾರಕೂನರದ್ದು ಯೂನಿಯನ್ ಕ್ಲಬ್. ನಮ್ಮ ಕಾಲಕ್ಕೆ ಎರಡರಲ್ಲೂ ಅರ್ಧಕ್ಕರ್ಧ ಮರಾಠಿಯವರಿದ್ದರು. ಚೆಂಡು ಕೇಳುವುದು ಮರಾಠಿಯಲ್ಲಿ, ಬೈಯುವುದು ಕನ್ನಡದಲ್ಲಿ. ಹಗೆ ಮಾತ್ರ ಅಜ್ಜಂದಿರದೇ, ಅದರಲ್ಲಿ ಏನೂ ಬದಲಾಗಿರಲಿಲ್ಲ.

ಮಳೆಗಾಲದ ಕೊನೆಗೆ ಇಬ್ಬರ ನಡುವೆ ಒಂದು ಪಂದ್ಯ. ಗೆದ್ದವರಿಗೆ ಕಟ್ಟಿಗೆಯ ಮೇಲೆ ಹಿತ್ತಾಳೆ ಹೊಡೆದ ಒಂದು ಫಲಕ. ಸಮ ಆದರೆ ಫಲಕ ಹಿಂದಿನ ವರ್ಷ ಗೆದ್ದವರಲ್ಲೇ ಉಳಿಯುತ್ತಿತ್ತು. ಪಂದ್ಯ ಮುಗಿದ ಮೇಲೆ ಅಲ್ಲೇ ತಾಡಪತ್ರಿಯ ಕೆಳಗೆ ಊಟ. ಎರಡೂ ಕಡೆಯ ಹೆಂಗಸರು ಸೇರಿ ಹೂರಣದ ಹೋಳಿಗೆ, ಕಟ್ಟಿನ ಸಾರು ಮಾಡುತ್ತಿದ್ದರು. ಸೋತವರು ಬಡಿಸಬೇಕು, ಗೆದ್ದವರು ಸಾಲಾಗಿ ಕೂತು ಉಣ್ಣಬೇಕು. ಪಂಕ್ತಿಯಲ್ಲಿ ಪಂದ್ಯದ ಮಾತು ಎತ್ತಬಾರದು. ಎರಡು ಕಡೆಯವರ ನಡುವೆ ಹೆಣ್ಣು ಕೊಟ್ಟು ತರುವ ಸಂಬಂಧಗಳಿದ್ದವು, ಆಟದ ಸಿಟ್ಟು ಮನೆಯೊಳಗೆ ಬರಬಾರದೆಂದು ಹಿರಿಯರು ಮಾಡಿದ ಏರ್ಪಾಡು ಅದು. ಪಂಕ್ತಿಯಿಂದ ಎದ್ದ ಮೇಲೂ ಆ ಮಾತು ಆಡಬಾರದು ಎನ್ನುತ್ತಿದ್ದರು. ಅದನ್ನು ಮಾತ್ರ ಯಾರೂ ಪಾಲಿಸಲಿಲ್ಲ, ಒಬ್ಬನನ್ನು ಬಿಟ್ಟು.

ನನ್ನ ಅಪ್ಪ ಮೈಲಾರದ ಅಧ್ಯಕ್ಷ. ಐದು ವರ್ಷದಿಂದ ಸತತವಾಗಿ ಹೋಳಿಗೆ ಬಡಿಸಿ ಬಡಿಸಿ ಬೇಸತ್ತಿದ್ದ. "ನನ್ನ ಕೈಗೆ ಹತ್ತಿದ ತುಪ್ಪದ ಜಿಡ್ಡು ವರ್ಷಾ ವರ್ಷಾ ಹೋಗವಲ್ದು ನೋಡಪಾ," ಅನ್ನುತ್ತಿದ್ದ. ನಗುತ್ತಲೇ ಅನ್ನುತ್ತಿದ್ದ, ಆದರೆ ಆ ನಗೆಯಲ್ಲಿ ನೋವಿತ್ತು. ಆ ಐದೂ ವರ್ಷ ನಮ್ಮನ್ನು ತಡೆದು ನಿಲ್ಲಿಸಿದವನು ಯೂನಿಯನ್ನಿನ ಗೋಲಿ, ಅಂದರೆ ಗೋಲು ಕಾಯುವವನು, ಬಸವರಾಜ. ನನ್ನ ಜೀವದ ಗೆಳೆಯ ಬಸೂ.

ಕನ್ನಡ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವನಪ್ಪ ಕಾರಕೂನ, ನನ್ನಪ್ಪ ವ್ಯಾಪಾರಿ, ಆದ್ದರಿಂದ ಅವನು ಅಲ್ಲಿ, ನಾನು ಇಲ್ಲಿ. ನಾನು ಮುಂದಿನ ಸಾಲಿನಲ್ಲಿ ಆಡುತ್ತಿದ್ದೆ, ಇಪ್ಪತ್ತಮೂರಕ್ಕೆ ಎಡ ಮೊಣಕಾಲು ಕೆಟ್ಟು ಕೂತೆ. ಆಮೇಲೆ ಕ್ಲಬ್ಬಿನಲ್ಲಿ ನನಗೆ ಉಳಿದದ್ದು ಮೈದಾನಕ್ಕೆ ಸುಣ್ಣದ ಗೆರೆ ಹಾಕುವ ಕೆಲಸ. ಆದರೂ ಮಳೆ ಬಿಡುವು ಕೊಟ್ಟ ಬೆಳಿಗ್ಗೆಗಳಲ್ಲಿ ನಾನೂ ಬಸೂನೂ ಇಬ್ಬರೇ ಮೈದಾನಕ್ಕೆ ಹೋಗುತ್ತಿದ್ದೆವು. ನಾನು ನಿಂತಲ್ಲಿಂದಲೇ ಬಲಗಾಲಲ್ಲಿ ಒದೆಯುವುದು, ಅವನು ಹಿಡಿಯುವುದು. ನಮ್ಮವರಿಗೆ ಗೊತ್ತಾಗಿದ್ದರೆ ನನ್ನ ಚರ್ಮ ಸುಲಿಯುತ್ತಿದ್ದರು. ಅವನಿಗೊಂದು ರೂಢಿಯಿತ್ತು. ಪ್ರತಿ ಚೆಂಡಿಗೂ ಮೊದಲು ಒಂದು ಹೆಜ್ಜೆ ಹಿಂದೆ ಸರಿದು, ತಿರುಗಿ ನೋಡದೆ, ಹಿಮ್ಮಡಿಯನ್ನು ಕಂಬಕ್ಕೆ ತಾಗಿಸುತ್ತಿದ್ದ.

"ಏನೋ ಅದು, ಕಂಬಕ್ಕ ನಮಸ್ಕಾರ ಮಾಡಿದಂಗ?" ಎಂದು ಒಮ್ಮೆ ಕೇಳಿದೆ.

"ಕಣ್ಣು ಚೆಂಡಿನ ಮ್ಯಾಲ ಇರತಾವು ಮಾಂತ್ಯಾ. ಮನಿ ಎಲ್ಲದ ಅಂತ ಕಾಲಿಗೆ ಗೊತ್ತಿರಬೇಕು," ಎಂದ.

ಆ ವರ್ಷದ ಬೇಸಿಗೆಯಲ್ಲಿ ನನ್ನ ತಂಗಿ ಸುನಂದಾಳನ್ನು ಅವನಿಗೆ ಕೊಟ್ಟು ಮದುವೆ ಮಾಡಿದೆವು. ಹುಡುಗನನ್ನು ಹೇಳಿದವನು ನಾನೇ. ಅಪ್ಪ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ, "ಆಗಲಿ. ಅಳಿಯಾ ಆದ ಮ್ಯಾಲಾದ್ರೂ ಒಂದ ಗೋಲ್ ಬಿಟ್ಟಾನೋ ಏನೋ," ಎಂದು ನಕ್ಕ. ಮದುವೆ ಚಪ್ಪರದಲ್ಲಿ ಎಲ್ಲರೂ ಅದನ್ನೇ ಹೇಳಿ ನಕ್ಕರು. ಬಸೂನೂ ನಕ್ಕ. ಆಮೇಲೆ ಅದೇ ಮಾತು ಅವನ ಕೊರಳಿಗೆ ಬಿದ್ದೀತು ಎಂದು ಅವತ್ತು ಯಾರು ಎಣಿಸಿದ್ದರು?

ಆ ಮಳೆಗಾಲ ಜೋರಾಗಿತ್ತು. ಅಂಗಡಿಯಲ್ಲಿ ಮೆಣಸಿನಕಾಯಿಗೆ ತೇವ ಹತ್ತದಂತೆ ಕಾಯುವುದೇ ದೊಡ್ಡ ಕೆಲಸ. ಚೀಲಗಳನ್ನು ಹಲಗೆಯ ಮೇಲೆ ಏರಿಸಿ, ಎರಡು ದಿನಕ್ಕೊಮ್ಮೆ ಬಿಚ್ಚಿ ಗಾಳಿಗೆ ಹಾಕಿ, ಸೀನಿ ಸೀನಿ ಕಣ್ಣು ಕೆಂಪಗಾಗುತ್ತಿದ್ದವು. ಸುನಂದಾ ಮೊದಲ ಪಂಚಮಿಗೆ ತವರಿಗೆ ಬಂದಳು, ಕರೆದುಕೊಂಡು ಹೋಗಲು ಬಸೂ ಬಂದ. ಅವ್ವ ಅವನಿಗೆ ಉಂಡಿ ಕೊಟ್ಟು, ಒತ್ತಾಯ ಮಾಡಿ ಕೊಟ್ಟು, "ಇನ್ನೊಂದು ತಗೋರಿ ಅಳಿಯಾರ, ಗೋಲ್ ಕಾಯಾಕ ಬಲ ಬೇಕಲ್ಲ," ಎಂದಳು. ಅಪ್ಪ ಬಾಗಿಲಿನಿಂದ, "ಅಕಿಗೆ ತಿಳೀವಲ್ದು, ಯಾರ ಪಾರ್ಟಿ ಅದಾಳೋ!" ಎಂದ. ಮನೆ ತುಂಬ ನಗು. ಆ ವರ್ಷ ನಾವೆಲ್ಲ ಸುಖವಾಗಿದ್ದೆವು ಎಂದು ಈಗ ಅನ್ನಿಸುತ್ತದೆ, ಆಗ ಅದು ಸುಖ ಎಂದು ಗೊತ್ತಿರಲಿಲ್ಲ.

ಪಂದ್ಯದ ದಿನ ಬೆಳಗಾಗುವುದರೊಳಗೆ ನಮ್ಮ ಇಬ್ಬರು ಆಟಗಾರರು ಜೇಜುರಿಗೆ ಹೋಗಿ ಭಂಡಾರ ತಂದರು. ಅದು ನಮ್ಮ ಕ್ಲಬ್ಬಿನ ನೇಮ. ಮೈಲಾರ ನಮ್ಮ ಮನೆದೇವರು, ಜೇಜುರಿಯಲ್ಲಿ ಖಂಡೋಬಾ ಅನ್ನುತ್ತಾರೆ ಅಷ್ಟೆ. ಆಟಕ್ಕೆ ಮುಂಚೆ ಎರಡೂ ಗೋಲುಗಳ ಬಾಯಿಗೆ ಆ ಅರಿಸಿನ ಎರಚಿ "ಏಳಕೋಟಿ ಏಳಕೋಟಿ" ಎಂದು ಕೂಗಬೇಕು. ಯೂನಿಯನ್ನವರು ಇದನ್ನು ನೋಡಿ ನಗುತ್ತಿದ್ದರು, ಆದರೆ ನಾವು ಈಚೆ ಬಂದ ಮೇಲೆ ಒಬ್ಬೊಬ್ಬರೇ ಹೋಗಿ ಚಿಟಿಕೆ ಭಂಡಾರ ಹಣೆಗೆ ಹಚ್ಚಿಕೊಳ್ಳುತ್ತಿದ್ದರು. ಸುಣ್ಣದ ಮೇಲೆ ಅರಿಸಿನ ಬಿದ್ದರೆ ಏನಾಗುತ್ತದೆ ಎಂದು ಆರತಿ ನೀರು ಕಲಸಿದವರಿಗೆಲ್ಲ ಗೊತ್ತು. ಹಸಿ ಗೆರೆ ಕೆಂಪಗಾಗುತ್ತಿತ್ತು. ಆ ಒಂದು ದಿನ ನಮ್ಮ ಮೈದಾನದ ಗೋಲ್‌ಗೆರೆಗಳು ಬಿಳಿ ಇರುತ್ತಿರಲಿಲ್ಲ, ಕೆಂಪಗಿರುತ್ತಿದ್ದವು.

ಗೆರೆ ಹಾಕುವ ಪಾಳಿ ವರ್ಷಕ್ಕೊಂದು ಕ್ಲಬ್ಬಿನದು. ಆ ವರ್ಷ ನಮ್ಮದು, ಅಂದರೆ ನನ್ನದು. ಬೆಳಿಗ್ಗೆ ಕಂಬದಿಂದ ಕಂಬಕ್ಕೆ ದಾರ ಕಟ್ಟಿ, ಎಳೆದು, ಗೆರೆ ಹಾಕಿದೆ. ನಾನು ಹಾಕಿದ ಗೆರೆಗಳಲ್ಲೇ ಅಷ್ಟು ನೇರವಾದದ್ದು ಇನ್ನೊಂದಿರಲಿಲ್ಲ. ಮಧ್ಯಾಹ್ನ ಆಟ ಶುರುವಾಗಿ ಕಾಲು ತಾಸಿಗೆಲ್ಲ ಮಳೆ ಸುರಿಯಿತು. ಮಳೆ ಎಂದರೆ ಆಟಗಾರರ ಬನಿಯನ್ನಿನ ಬಣ್ಣ ಗೊತ್ತಾಗದಷ್ಟು ಮಳೆ. ಅರ್ಧ ಆಟ ಮುಗಿದಾಗ ಗೋಲು ಆಗಿರಲಿಲ್ಲ, ಮೈದಾನದಲ್ಲಿ ಕಣ್ಣಿಗೆ ಕಾಣುವಂಥ ಗೆರೆಯೂ ಉಳಿದಿರಲಿಲ್ಲ. ರೆಫರಿ ನನ್ನನ್ನು ಕರೆದು ಎರಡೂ ಗೋಲ್‌ಗೆರೆ ಮತ್ತೆ ಹಾಕಲು ಹೇಳಿದ.

ದಾರ ಹುಡುಕಿದೆ. ಇರಲಿಲ್ಲ. ಗಾಳಿಗೆ ಅಡುಗೆಯ ಮೇಲಿನ ತಾಡಪತ್ರಿ ಹಾರತೊಡಗಿತ್ತು, ಅಪ್ಪ ನನ್ನ ದಾರವನ್ನೇ ತೆಗೆದುಕೊಂಡು ಅದನ್ನು ಬಿಗಿದಿದ್ದ.

"ಅಪ್ಪಾ, ಅದು ಗೆರಿ ಹಾಕೂ ದಾರ!"

"ಹೋಳಿಗಿ ತೋಯ್ದ್ರ ಏನ್ ಉಣ್ತಿ, ಗೆರಿ ಉಣ್ತಿಯೇನು? ಕಣ್ಣಲೇ ಹಾಕು ಹೋಗು, ಎಷ್ಟ ವರ್ಷಾತು ಹಾಕ್ಲಿಕ್ಕತ್ತಿ."

ಒಂದು ಕಡೆಯ ಗೆರೆಯನ್ನು ಕಣ್ಣಳತೆಯಲ್ಲೇ ಸರಿಯಾಗಿ ಹಾಕಿದೆ. ಇನ್ನೊಂದು ಕಡೆ, ಎರಡನೆಯ ಅರ್ಧದಲ್ಲಿ ಬಸೂ ಕಾಯಬೇಕಿದ್ದ ಗೋಲಿನಲ್ಲಿ, ಎಡ ಕಂಬದ ಬುಡದಿಂದ ಉದ್ದಕ್ಕೆ ನೀರು ನಿಂತಿತ್ತು. ಸುಣ್ಣ ಹಾಕಿದರೆ ಕ್ಷಣದಲ್ಲಿ ಕರಗುತ್ತಿತ್ತು. ರೆಫರಿ ಸೀಟಿ ಊದುತ್ತಿದ್ದ. ನಾನು ಆ ನೀರನ್ನು ಬಿಟ್ಟು, ಕಂಬಗಳಿಂದ ಒಂದು ಗೇಣು ಮುಂದೆ, ಗಟ್ಟಿ ನೆಲದ ಮೇಲೆ ಗೆರೆ ಎಳೆದೆ. ಒಂದು ಗೇಣು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಎಳೆದೆ. ಮೋಸ ಮಾಡಬೇಕೆಂದಲ್ಲ, ಕೆಲಸ ಮುಗಿಸಬೇಕೆಂದು. ಇಷ್ಟು ದೊಡ್ಡ ಮೈದಾನದಲ್ಲಿ ಒಂದು ಗೇಣಿನಿಂದ ಏನಾದೀತು ಎಂದುಕೊಂಡೆ.

ಆಟ ಮುಗಿಯಲು ಇನ್ನೇನು ಎರಡು ನಿಮಿಷವಿರಬೇಕು. ಗೋಲು ಇಲ್ಲ, ಫಲಕ ಯೂನಿಯನ್ನಿಗೇ ಎಂದು ಎಲ್ಲರೂ ತಿಳಿದಾಗಿತ್ತು. ಅಪ್ಪ ಆಗಲೇ ಧೋತರ ಎತ್ತಿ ಕಟ್ಟಿ ಬಡಿಸಲು ತಯಾರಾಗಿದ್ದ. ಆಗ ನಮ್ಮವನೊಬ್ಬ ಎಡಗಡೆಯಿಂದ ಕೆಳಗೆ, ಕೆಸರು ಸವರುವ ಹಾಗೆ ಒದ್ದ. ಬಸೂ ಒಂದು ಹೆಜ್ಜೆ ಹಿಂದಿಟ್ಟ. ಹಿಮ್ಮಡಿ ಕಂಬಕ್ಕೆ ತಾಗಿದ್ದು ನನಗೆ ಕಂಡಿತು, ನಾನು ಆ ಬದಿಯಲ್ಲೇ ಇದ್ದೆ. ಅವನು ಹಿಮ್ಮಡಿ ಕಂಬಕ್ಕೆ ಊರಿಕೊಂಡೇ ಗೋಲಿನ ಬಾಯಿಗೆ ಅಡ್ಡಲಾಗಿ ಉದ್ದಕ್ಕೆ ಬಿದ್ದು, ಚೆಂಡನ್ನು ಎದೆಗೆ ಅವುಚಿಕೊಂಡ. ಅಂಥ ಹಿಡಿತವನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ. ಮರುಕ್ಷಣ ಲೈನ್ಸ್‌ಮನ್ ಕದಮ ಕಾಕಾ ನಿಶಾನೆ ಎತ್ತಿದ. ಅವನಿಗೆ ಕಂಡದ್ದು ಬಿಳಿ ಗೆರೆ, ಅದರ ಆಚೆ ಚೆಂಡು. "ಬಾಲ್ ಲಾಯನಚ್ಯಾ ಪಲೀಕಡೆ ಹೋತಾ," ಎಂದ. ಗೆರೆ ದಾಟಿತ್ತು ಎಂದು. ಆ ಮುದುಕ ಸುಳ್ಳು ಹೇಳುವವನಲ್ಲ, ಹೇಳಲೂ ಇಲ್ಲ. ರೆಫರಿ ಗೋಲು ಕೊಟ್ಟ.

ಬಸೂ ಚೆಂಡು ಬಿಡಲೇ ಇಲ್ಲ. "ನನ್ನ ಹಿಮ್ಮಡಿ ಕಂಬಕ್ಕ ತಗಲಿತ್ರೀ! ಕಂಬದ ಮುಂದ ಇದ್ದೆ ನಾನು! ಚೆಂಡು ಹೆಂಗ ದಾಟ್ತದ?" ಎಂದು ಕೂಗುತ್ತಿದ್ದ. ಮಳೆಯ ಸದ್ದಿನಲ್ಲಿ, ನಮ್ಮವರ ಕುಣಿತದಲ್ಲಿ, ಅದು ಯಾರಿಗೂ ಕೇಳಲಿಲ್ಲ. ನನಗೆ ಕೇಳಿತು.

ಕೊನೆಯ ಸೀಟಿ ಆಯಿತು. ನಮ್ಮವರು ಅಪ್ಪನನ್ನು ಹೆಗಲ ಮೇಲೆ ಎತ್ತಿಕೊಂಡರು. ಯೂನಿಯನ್ನಿನವರು ರೆಫರಿಯ ಸುತ್ತ ಮುತ್ತಿಕೊಂಡು, ಗೆರೆ ನೋಡೋಣ ನಡೀರಿ ಎನ್ನುತ್ತಿದ್ದರು. ನಾನು ಬಲೆ ಬಿಚ್ಚುವ ನೆಪದಲ್ಲಿ ಅವರಿಗಿಂತ ಮೊದಲೇ ಗೋಲಿಗೆ ಹೋದೆ. ಕಂಬದ ಬುಡದ ನೀರು ಆರತಿ ತಟ್ಟೆಯ ನೀರಿನ ಹಾಗೆ ಕೆಂಪಗಿತ್ತು. ಅದರ ತಳದಲ್ಲಿ ಬೆಳಗಿನ ಗೆರೆ, ನಾನು ದಾರ ಹಿಡಿದು ಹಾಕಿದ್ದು, ಭಂಡಾರ ಕುಡಿದು ಕೆಂಪಾಗಿ, ಕಂಬದಿಂದ ಮೊಳದುದ್ದ ಹಾಗೇ ಉಳಿದಿತ್ತು. ಅದರ ಮುಂದೆ ಒಂದು ಗೇಣಿನ ಮೇಲೆ ನನ್ನ ಬಿಳಿ ಗೆರೆ. ಎರಡೂ ಗೆರೆ ಕಣ್ಣಿಗೆ ರಾಚುತ್ತಿದ್ದವು. ಹತ್ತು ಹೆಜ್ಜೆ ದೂರದಿಂದ ಒಬ್ಬರು ನೋಡಿದ್ದರೂ ಸಾಕಿತ್ತು.

ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಆ ನೀರಿಗೆ ಇಳಿದೆ. ಬಲೆಯ ಗಂಟು ಬಿಚ್ಚುತ್ತಿರುವವನ ಹಾಗೆ ಕೈ ಆಡಿಸುತ್ತ, ಕೆಳಗೆ ಕಾಲಿನಿಂದ ತುಳಿದೆ. ಕೆಂಪು ಗೆರೆ ಕೆಸರಿನಲ್ಲಿ ಕಲಸಿಹೋಗುವವರೆಗೆ ತುಳಿದೆ. ಗೆರೆ ಕಂಬಕ್ಕೆ ಎಲ್ಲಿ ಸೇರುತ್ತಿತ್ತು ಎಂದು ತಿಳಿಯದಂತೆ ಬಿಳಿ ಗೆರೆಯ ಎರಡೂ ತುದಿಯನ್ನು ಹಿಮ್ಮಡಿಯಿಂದ ಒರೆಸಿದೆ. ಅಷ್ಟು ಹೊತ್ತಿನಲ್ಲಿ ಏನು ಯೋಚಿಸಿದೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಹೆಗಲ ಮೇಲೆ ಕೂತ ಅಪ್ಪನ ಮುಖ ಕಣ್ಣ ಮುಂದಿತ್ತು ಎಂದು ಹೇಳಿಕೊಳ್ಳಬಹುದು. ಅದು ಅರ್ಧ ನಿಜ. ಉಳಿದರ್ಧ, ನಾಳೆ ಇಡೀ ಪೇಟೆ ನನ್ನನ್ನು ಕಳ್ಳ ಅನ್ನುತ್ತದೆ ಎಂಬ ಹೆದರಿಕೆ. ಯೂನಿಯನ್ನಿನವರು ಬಂದು ಬಗ್ಗಿ ನೋಡಿದಾಗ ಕಂಬಗಳ ಬುಡದಲ್ಲಿ ಬರೀ ರಾಡಿ ಇತ್ತು.

ಅವರ ಕಾರ್ಯದರ್ಶಿ ಕುಲಕರ್ಣಿ ಸರ್ ನೆಟ್ಟಗೆ ನಿಂತು ಕನ್ನಡಕ ಒರೆಸಿಕೊಂಡರು. ಬಸೂ ಇನ್ನೂ ಹಿಮ್ಮಡಿ, ಕಂಬ ಎಂದು ಹೇಳುತ್ತಲೇ ಇದ್ದ. ಅವರು ಅವನ ಕಡೆ ನೋಡದೆ, ಎಲ್ಲರಿಗೂ ಕೇಳುವಂತೆ ಹೇಳಿದರು: "ಮಾವನ ಮನಿ ಉಂಡಿ ತಿಂದ ಕೈ, ಗಟ್ಟಿ ಹೆಂಗ ಇದ್ದೀತು ಬಿಡ್ರಿ."

ಬಸೂ ಬಾಯಿ ಮುಚ್ಚಿದ. ಅಲ್ಲಿಂದ ಮುಂದೆ ಅವನು ಆ ಪಂದ್ಯದ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಲ್ಲ.

ಇನ್ನೂ ಬೆಳಕಿರುವಾಗಲೇ ಪಂಕ್ತಿ ಹಾಕಿದರು. ಅಳಿಯನ ಕೈಯಲ್ಲಿ ಬಡಿಸಿಕೊಳ್ಳಲು ಅಪ್ಪನಿಗೆ ಮುಜುಗರ. "ಬ್ಯಾಡ್ರಿ ಅಳಿಯಾರ, ನೀವು ಕೂಡ್ರಿ. ಉಳಿದವರು ಬಡಸ್ತಾರ," ಎಂದ. ಬಸೂ ಬುಟ್ಟಿ ಕೆಳಗಿಡಲಿಲ್ಲ. "ಸೋತೇನ್ರಿ ಮಾವಾರ, ಬಡಸ್ತೀನಿ," ಎಂದ. ಒಲೆಯ ಹತ್ತಿರ ಸುನಂದಾ ಹೋಳಿಗೆ ತಟ್ಟುವುದನ್ನು ಬಿಟ್ಟು ಅವನನ್ನೇ ನೋಡುತ್ತಿದ್ದಳು. ಮೊಣಕಾಲಿನ ದೆಸೆಯಿಂದ ನನಗೆ ಎಡಗಾಲು ಮಡಚಿ ಕೂರಲು ಬರುವುದಿಲ್ಲ, ಪಂಕ್ತಿಯಲ್ಲಿ ಅದು ಯಾವಾಗಲೂ ಮುಂದೆ ಚಾಚಿಯೇ ಇರುತ್ತದೆ. ಬಡಿಸುವವರು ಅದನ್ನು ದಾಟಿ ಹೋಗಬೇಕು. ಬಸೂ ನನ್ನ ಮುಂದೆ ಬಂದು ಬಗ್ಗಿದ, ಹೋಳಿಗೆ ಹಿಡಿದ ಕೈ ಹಾಗೇ ನಿಂತಿತು. ನನ್ನ ಚಾಚಿದ ಕಾಲಿನ ಕಡೆ ನೋಡುತ್ತಿದ್ದ. ನೋವಿನ ಮೊಣಕಾಲು ನೋಡುತ್ತಿದ್ದಾನೆ ಎಂದುಕೊಂಡೆ. ಹಾಗೆಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು. ಅವನು ಹೋಳಿಗೆಯನ್ನು ಎಲೆಯ ಮೇಲಿಟ್ಟು, "ತುಪ್ಪ ಹಾಕ್ಲ್ಯಾ?" ಎಂದು ಕೇಳಿದ. ಹೂಂ ಎಂದೆ. ಹಾಕಿ ಮುಂದೆ ಹೋದ. ನಾನು ಅದನ್ನು ತಿಂದೆ. ಎರಡು ತಿಂದೆ.

ಆಮೇಲೆ ಮಾತು ಹಬ್ಬಿತು. ಪೇಟೆಯಲ್ಲಿ, ಆಫೀಸುಗಳಲ್ಲಿ, ಮದುವೆ ಮನೆಗಳಲ್ಲಿ ಬಸೂ ಹೆಸರು ಬಂದ ಕೂಡಲೇ ಯಾರಾದರೂ ಒಬ್ಬರು ಉಂಡಿಯ ಮಾತು ಎತ್ತಿ ನಗುವರು. ನಮ್ಮವರೇ ಹೆಚ್ಚು ನಗುತ್ತಿದ್ದರು, ಅದನ್ನು ಮೆಚ್ಚುಗೆ ಎಂದು ತಿಳಿದು. "ಅಳಿಯಾ ಅಂದ್ರ ಹಿಂಗಿರಬೇಕು," ಎನ್ನುವರು. ಮುಂದಿನ ಮಳೆಗಾಲಕ್ಕೆ ಯೂನಿಯನ್ ಬೇರೊಬ್ಬನನ್ನು ನಿಲ್ಲಿಸಿತು. ಬಸೂ ಕುರಕುಂಭದ ಒಂದು ಕಾರ್ಖಾನೆಯಲ್ಲಿ ಸ್ಟೋರಿನ ಕೆಲಸ ಹಿಡಿದು, ಸುನಂದಾಳನ್ನು ಕರೆದುಕೊಂಡು ಅಲ್ಲೇ ಮನೆ ಮಾಡಿದ. ಪುಣೆಗೆ ಏನು ದೂರವೇ, ದಿನಾ ಜನ ಓಡಾಡುತ್ತಾರೆ. ಆದರೆ ಅವನು ಆ ಮೈದಾನಕ್ಕೆ ಮತ್ತೆ ಕಾಲಿಡಲಿಲ್ಲ. ಅವನ ಕೈಗವಸು ಏನಾದವು ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ಹೇಳಬೇಕು ಎಂದು ಎಷ್ಟು ಸಲ ಹೊರಟಿದ್ದೇನೆ! ಅಪ್ಪ ಇರುವವರೆಗೆ ಬೇಡ ಎಂದುಕೊಂಡೆ. ಆ ಫಲಕ, ಯೂನಿಯನ್ನಿಗೆ ಮತ್ತೆ ಹೋಗದೆ, ನಮ್ಮ ಅಂಗಡಿಯ ಗಲ್ಲೆಯ ಹಿಂದೆಯೇ ಇತ್ತು, ಅಪ್ಪ ದಿನಾ ಬೆಳಿಗ್ಗೆ ದೇವರ ಫೋಟೋದ ಜೊತೆ ಅದನ್ನೂ ಒರೆಸುತ್ತಿದ್ದ. ಅಪ್ಪ ಹೋದ ಮೇಲೆ, ಇಷ್ಟು ವರ್ಷ ಆಯಿತು, ಈಗ ಕೆದಕಿ ಏನು ಎಂದುಕೊಂಡೆ. ಕ್ಲಬ್ಬುಗಳು ತಾವಾಗಿಯೇ ಸೊರಗಿದವು. ಮೈದಾನದ ಮಾಲೀಕರು ಆ ಜಾಗದಲ್ಲಿ ಕಟ್ಟಡ ಕಟ್ಟಿಸಿದ ಮೇಲೆ ಯೂನಿಯನ್ ಮೊದಲು ನಿಂತಿತು, ಎದುರಾಳಿ ಇಲ್ಲದ ಮೇಲೆ ನಮ್ಮದೂ ಎರಡು ವರ್ಷ ಉಳಿಯಲಿಲ್ಲ. ಬಸೂ ಹಬ್ಬಕ್ಕೆ ನಮ್ಮ ಮನೆಗೆ ಬರುತ್ತಿದ್ದ, ನನ್ನ ಮಕ್ಕಳನ್ನು ಎತ್ತಿ ಆಡಿಸುತ್ತಿದ್ದ, ಮೊಣಕಾಲು ಹೇಗಿದೆ ಎಂದು ಕೇಳುತ್ತಿದ್ದ. ಸುನಂದಾ ಒಂದು ಪಂಚಮಿಯನ್ನೂ ತಪ್ಪಿಸಲಿಲ್ಲ.

ಹೋದ ವರ್ಷ ದಸರೆ ಮುಗಿದ ವಾರ ಬಸೂ ಹೋಗಿಬಿಟ್ಟ. ಬೆಳಿಗ್ಗೆ ಚಹ ಕುಡಿದು ಕೂತವನು ಏಳಲಿಲ್ಲ. ಮಾತಾಡಿಸಿಕೊಂಡು ಹೋಗಲು ಪುಣೆಯಿಂದ ಹಳೆಯ ಆಟಗಾರರು ಕೆಲವರು ಕುರಕುಂಭಕ್ಕೆ ಬಂದಿದ್ದರು. ಕುಲಕರ್ಣಿ ಸರ್ ಕೂಡ ಕೋಲು ಊರಿಕೊಂಡು ಬಂದಿದ್ದರು, ಎಂಬತ್ತು ದಾಟಿದ ವಯಸ್ಸು. ಕೈ ಮುಗಿದು, ಕಣ್ಣು ಒರೆಸಿಕೊಂಡು, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಭಾಳ ಛಲೋ ಗೋಲಿ ಇದ್ದನವ್ವಾ ನಿನ್ನ ಗಂಡ. ಅವನಂಥಾವ ಪುಣೇದಾಗ ಇರಲಿಲ್ಲ. ಆ ಒಂದ ದಿನಾ ಬಿಟ್ಟರ."

ಸುನಂದಾ ತಲೆ ತಗ್ಗಿಸಿ ಕೂತಿದ್ದಳು, ತಗ್ಗಿಸಿಯೇ ಇದ್ದಳು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎಲ್ಲರೂ ಹೋದ ಮೇಲೆ ಅವಳು ಹಿತ್ತಲಲ್ಲಿ ಒಣ ಹಾಕಿದ ಬಟ್ಟೆ ತೆಗೆಯುತ್ತಿದ್ದಾಗ ಹತ್ತಿರ ಹೋದೆ. "ಸುನಂದಾ, ನಿನಗ ಒಂದ ಮಾತ ಹೇಳಬೇಕಾಗೇದ," ಎಂದೆ.

ಅವಳು ಬಸೂನ ಅಂಗಿಯನ್ನು ಮಡಚುತ್ತ, ನನ್ನ ಮುಖ ನೋಡದೆ ಮಾತಾಡಿದಳು.

"ಅವತ್ತ ಮನಿಗೆ ಬಂದ ಮ್ಯಾಲ ಅವರು ಕೇಳಿದ್ರು. ನಿಮ್ಮ ಅಣ್ಣನ ಅಂಗಾಲು ನೋಡಿದ್ಯಾ, ಆರತಿ ನೀರು ತುಳದಂಗ ಕೆಂಪಗ ಇತ್ತು, ಅಂತ. ನನಗೇನೂ ತಿಳೀಲಿಲ್ಲ. ಆಮ್ಯಾಲ ಬಿಡಿಸಿ ಹೇಳಿದ್ರು. ಹಂಗಾರ ನಾಳೆ ಹೋಗಿ ಎಲ್ಲಾರ ಮುಂದ ಹೇಳ್ರಿ ಅಂದೆ ನಾನು. ಅಳಕೋತ ಅಂದೆ. ಅವರು ಒಲ್ಲೆ ಅಂದ್ರು."

"ಯಾಕ?"

"ನಾ ಬಾಯಿ ಬಿಟ್ಟರ ನಿನಗ ಪಂಚಮಿಗೆ ಹೋಗಲಿಕ್ಕೆ ಮನಿ ಉಳಿಯೂದಿಲ್ಲ ಅಂದ್ರು. ಜನ ಅಂತಾರ ಅನ್ಲಿ, ಆಟ ತಾನ ಅಂದ್ರು." ಅಂಗಿಯ ತೋಳನ್ನು ಎರಡು ಸಲ ಬಿಚ್ಚಿ ಮಡಚಿದಳು. "ಇಪ್ಪತ್ತ ವರ್ಷ ಬಂದೀನಿ ಅಣ್ಣಾ ನಾನು. ಪ್ರತಿ ಪಂಚಮಿಗೆ ಬಂದು ನಿನ್ನ ಮನ್ಯಾಗ ಉಂಡು ಹೋಗೀನಿ. ಇವತ್ತ ಹೇಳ್ತಾನ, ನಾಳೆ ಹೇಳ್ತಾನ ಅಂತ ನೋಡೀನಿ. ಅವರೂ ನೋಡ್ತಿದ್ರು."

ನಾನು ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ. ಅವಳು ಅಳಲಿಲ್ಲ. ತಪ್ಪಾಯಿತು ಎಂದೆ, ಗೆರೆ, ದಾರ, ಭಂಡಾರ ಎಂದು ಏನೇನೋ ತೊದಲಿದೆ. ಅವಳು ನಡುವೆಯೇ ಕೈ ಎತ್ತಿ ನಿಲ್ಲಿಸಿದಳು.

"ನನಗ ಹೇಳಬ್ಯಾಡ ಅಣ್ಣಾ. ನನಗ ಗೊತ್ತದ. ಗೊತ್ತಿಲ್ಲದವರಿಗೆ ಹೇಳು."

ಅಂದಿನಿಂದ ಎಂಟು ತಿಂಗಳು ಅದನ್ನೂ ಮುಂದೂಡಿದೆ. ನನ್ನ ಜಾತಕವೇ ಅದು, ಏನು ಮಾಡುವುದು. ಯಾರಿಗೆ ಹೇಳಲಿ, ಕ್ಲಬ್ಬೇ ಇಲ್ಲವಲ್ಲ, ಮೈದಾನವೇ ಇಲ್ಲವಲ್ಲ ಎಂದು ನೆಪ ಹುಡುಕಿದೆ. ಈ ವಾರ ಆ ಇಬ್ಬರು ಕೆಲಸಗಾರರು ದಾರ ಬಿಗಿದು ಕಾರುಗಳಿಗೆ ನೇರವಾದ ಗೆರೆ ಹಾಕುವುದನ್ನು ನೋಡಿದ ಮೇಲೆ ಗಿರಣಿಗೆ ಹೋಗದೆ ಮನೆಗೆ ತಿರುಗಿ ಬಂದೆ. ಪಂಚಮಿ ಹತ್ತಿರ ಬಂದಿದೆ. ಸುನಂದಾ ಈ ಸಲ ಬರುವಳೋ ಇಲ್ಲವೋ ಹೇಳಿಲ್ಲ, ನಾನೂ ಕೇಳಿಲ್ಲ. ಮೊದಲು ಇದನ್ನು ಬರೆಯುತ್ತೇನೆ. ಮೈಲಾರದವರು, ಯೂನಿಯನ್ನಿನವರು, ಅವರ ಮಕ್ಕಳು, ಇನ್ನೂ ಕನ್ನಡ ಓದುವವರು ಯಾರಿದ್ದೀರೋ ಅವರಿಗೆ. ಕುಲಕರ್ಣಿ ಸರ್ ಅವರಿಗೆ ನಾನೇ ಹೋಗಿ, ಕೂತು, ಓದಿ ಹೇಳುತ್ತೇನೆ.

ಆ ಬಿಳಿ ಗೆರೆ ಸುಳ್ಳು, ಅದನ್ನು ಹಾಕಿದವನು ನಾನು. ಕೆಂಪು ಗೆರೆಯನ್ನು ತುಳಿದವನೂ ನಾನು. ಬಸವರಾಜನ ಹಿಮ್ಮಡಿ ಕಂಬಕ್ಕೆ ತಾಗಿತ್ತು, ಚೆಂಡು ಅವನ ಎದೆಯಲ್ಲಿತ್ತು. ಅದು ಗೋಲಲ್ಲ. ಅವನು ಹಿಡಿದಿದ್ದ.